ಬೋರ್ಡಿಂಗ್ ಉಳಿಯಿತು, ಬಾಗಿಲು ಯಾರಿಗೆ?

ಪುಣೆಯ ಮಾಡೆಲ್ ಕಾಲೊನಿಯಲ್ಲಿರುವ ಸೇಠ್ ಹಿರಾಚಂದ ನೇಮಚಂದ ಜೈನ ಬೋರ್ಡಿಂಗಿನ ಸುಮಾರು ಮೂರೂವರೆ ಎಕರೆ ಭೂಮಿಯ ಮಾರಾಟ 2025ರ ಅಕ್ಟೋಬರ್ ಅಂತ್ಯಕ್ಕೆ ರದ್ದಾಯಿತು. ವಿದ್ಯಾರ್ಥಿಗಳಿಗೆಂದು ಮೀಸಲಾದ ನೆಲ, ಒಳಗೊಂದು ಜಿನಮಂದಿರ. ಅದನ್ನು ಕಟ್ಟಡ ವ್ಯವಹಾರಕ್ಕೆ ಒಪ್ಪಿಸಿದ್ದನ್ನು ಪ್ರತಿಭಟಿಸಿ ಬೀದಿಗಿಳಿದವರಲ್ಲಿ ದಿಗಂಬರರೂ ಇದ್ದರು, ಶ್ವೇತಾಂಬರರೂ ಇದ್ದರು. ಪಾಲಿಕೆಯ ಚುನಾವಣೆ ಹತ್ತಿರವಿದ್ದುದರಿಂದ ರಾಜಕೀಯ ಪಕ್ಷಗಳೂ ಧಾವಿಸಿ ಬಂದವು. ಅವುಗಳ ಭಕ್ತಿಯನ್ನು ಅಳೆಯುವ ಅಗತ್ಯವಿಲ್ಲ. ಸಮಾಜ ಒಂದಾದುದು ಸಂಭ್ರಮಿಸತಕ್ಕ ಸಂಗತಿಯೇ ಹೌದು. ಆದರೆ ಭೂಮಿಗಾಗಿ ಒಂದಾದವರು ಕೋಣೆಗಳನ್ನು ಹಂಚುವಾಗಲೂ ಒಂದಾಗಿರುವರೇ?

ಪುಣೆಯ ಜೈನರೆಂದರೆ ಹೊರಗಿನವರ ಕಣ್ಣಿಗೆ ಮಾರವಾಡಿ ಅಥವಾ ಗುಜರಾತಿ ವ್ಯಾಪಾರಿಗಳು. ಒಳಗಿನ ಚಿತ್ರ ಬೇರೆ. ಓಸವಾಳರ ಜೊತೆಗೆ ಹೂಮಡರು, ಸೈತವಾಳರು, ಕಾಸಾರರು ಇಲ್ಲಿದ್ದಾರೆ. ಅಥಣಿ, ಚಿಕ್ಕೋಡಿ, ಕಾಗವಾಡ, ಶಿರೋಳಗಳ ಚತುರ್ಥ ಮತ್ತು ಪಂಚಮ ಮನೆತನಗಳ ಮಕ್ಕಳು ಓದಿಗೂ ಹಿಂಜವಡಿಯ ನೌಕರಿಗೂ ಬರುತ್ತಾರೆ. ಅವರಲ್ಲಿ ಬಹಳ ಜನರ ತಂದೆ ಕಬ್ಬು ಬೆಳೆಯುವ ರೈತ. ಎಷ್ಟೋ ಮನೆಗಳ ಮಾತು ಕನ್ನಡ. 2011ರ ಜನಗಣತಿಯಂತೆ ದೇಶದ ಸುಮಾರು 44.5 ಲಕ್ಷ ಜೈನರಲ್ಲಿ 14 ಲಕ್ಷ ಮಂದಿ ಮಹಾರಾಷ್ಟ್ರದವರು, 4.4 ಲಕ್ಷ ಮಂದಿ ಕರ್ನಾಟಕದವರು. ಇಷ್ಟು ಚಿಕ್ಕ ಸಮಾಜವು ಮಹಾವೀರ ಜಯಂತಿಯ ಮೆರವಣಿಗೆಯಲ್ಲಿ ಒಂದು ದಿನ ಕೂಡಿ ನಡೆದು, ಮರುದಿನ ಸಂಬಂಧ ಕೇಳುವಾಗ, ವಿಶ್ವಸ್ತರನ್ನು ಆರಿಸುವಾಗ, ಬಾಡಿಗೆಗೆ ಮನೆ ಕೊಡುವಾಗ ಪಂಥವನ್ನೂ ಉಪಜಾತಿಯನ್ನೂ ವಿಚಾರಿಸುತ್ತದೆ. 2014ರಲ್ಲಿ ಕೇಂದ್ರ ಸರಕಾರ ಕೊಟ್ಟ ಅಲ್ಪಸಂಖ್ಯಾತ ಸ್ಥಾನಮಾನವನ್ನು ಎಲ್ಲರ ಹೆಸರಿನಲ್ಲಿ ಪಡೆದ ಸಮಾಜ, ಅದರ ಫಲವನ್ನು ಹಂಚುವಲ್ಲಿ ಅಷ್ಟೇ ಉದಾರವಾಗಿದೆಯೆಂದು ಹೇಳುವುದು ಕಷ್ಟ.

ಸಮವಸರಣದಲ್ಲಿ ಜಿನನ ದಿವ್ಯಧ್ವನಿಯನ್ನು ಪ್ರತಿಯೊಂದು ಜೀವಿಯೂ ತನ್ನ ತನ್ನ ಭಾಷೆಯಲ್ಲಿ ಗ್ರಹಿಸಿತೆಂಬುದು ಪರಂಪರೆಯ ನಂಬಿಕೆ. ಅಲ್ಲಿಯೂ ಹನ್ನೆರಡು ಕೋಷ್ಠಗಳಿದ್ದವಲ್ಲ ಎಂದು ವಾದಿಸುವ ಪಂಡಿತರುಂಟು. ಇದ್ದವು, ಮನುಷ್ಯರ ಕೋಷ್ಠವನ್ನು ಭಾಷೆಯ ಹೆಸರಿನಲ್ಲಿ ಯಾರೂ ಮತ್ತೆ ಒಡೆಯಲಿಲ್ಲ.

ಜೈನ ಬೋರ್ಡಿಂಗುಗಳ ಚರಿತ್ರೆಯಲ್ಲಿ ಮರೆಯಬಾರದ ಪ್ರಕರಣವೊಂದಿದೆ. 1887ರಲ್ಲಿ ಕೊಲ್ಲಾಪುರ ಸೀಮೆಯ ಕುಂಭೋಜದಲ್ಲಿ ಹುಟ್ಟಿದ ಭಾವೂರಾವ್ ಪಾಟೀಲರ ಪೂರ್ವಜರು ಮೂಡುಬಿದಿರೆಯ ಕಡೆಯವರೆಂದು ಹೇಳುತ್ತಾರೆ. ಅವರು ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದಾಗ, ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ತೆರೆದ ವಸತಿಗೃಹದ ಉದ್ಘಾಟನೆಗೆ ಹೋಗಿ ಬಂದರು. ಮಡಿಸ್ನಾನ ಮಾಡಿಯೇ ಊಟಕ್ಕೆ ಬರಬೇಕೆಂದು ಆಜ್ಞೆಯಾಯಿತು. ಅವರು ಒಪ್ಪಲಿಲ್ಲ, ಬೋರ್ಡಿಂಗಿನಿಂದ ಹೊರಗೆ ಹಾಕಲಾಯಿತು. ಸುಧಾರಣೆಯನ್ನು ಮೆಚ್ಚುವವರೇ ನಡೆಸುತ್ತಿದ್ದ ಬೋರ್ಡಿಂಗ್ ಅದಾಗಿತ್ತೆಂಬುದು ಇಲ್ಲಿ ಯೋಚಿಸತಕ್ಕ ಮಾತು.

ಹೊರಹಾಕಿಸಿಕೊಂಡ ಆ ಹುಡುಗ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ಅವರು ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳು ಕೂಡಿ ಉಂಡರು, ಕೂಡಿ ದುಡಿದು ಓದಿದರು. ಅಕ್ಕಿಬೇಳೆ ತೀರಿದ ದಿನ ಪತ್ನಿ ಲಕ್ಷ್ಮೀಬಾಯಿ ತಮ್ಮ ಮಂಗಳಸೂತ್ರವನ್ನೇ ಮಾರಲು ಕೊಟ್ಟರು. ಕಟ್ಟುನಿಟ್ಟಿನ ಜೈನ ಮನೆಯಲ್ಲಿ ಬೆಳೆದ ಹೆಣ್ಣುಮಗಳು ಪರಜಾತಿಯ ಹುಡುಗರಿಗೆ ತಾಯಿಯಾದದ್ದು ಯಾವ ಪ್ರವಚನದಿಂದಲೂ ಅಲ್ಲ, ದಿನದಿನದ ಅಡುಗೆಯಿಂದ. 1959ರಲ್ಲಿ ಪುಣೆ ವಿಶ್ವವಿದ್ಯಾಲಯ ಭಾವೂರಾವ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷ ಅವರು ತೀರಿಕೊಂಡರು. ಇಂದು ಅವರ ಭಾವಚಿತ್ರವನ್ನು ಜೈನ ಸಭೆಗಳಲ್ಲಿ ಹೆಮ್ಮೆಯಿಂದ ತೂಗುಹಾಕುತ್ತಾರೆ. ಹೊರಗೆ ಹಾಕಿದ ಕಥೆಯನ್ನು ಮಾತ್ರ ಮೆಲ್ಲಗೆ ಬದಿಗಿಡುತ್ತಾರೆ.

ಮಾಡೆಲ್ ಕಾಲೊನಿಯ ಬೋರ್ಡಿಂಗಿಗೆ ಈಗ ದೊರೆತ ಅವಕಾಶ ಅಪರೂಪದ್ದು. ಅದು ಹೊತ್ತಿರುವುದು ಸೊಲ್ಲಾಪುರದ ಸುಧಾರಕ ಶ್ರಾವಕ ಹಿರಾಚಂದರ ಹೆಸರು. ಭೂಮಿ ಉಳಿಸಿದ ಉತ್ಸಾಹ ಸನ್ಮಾನ ಸಮಾರಂಭಗಳಲ್ಲಿ ಕರಗುವ ಮೊದಲು ವಿಶ್ವಸ್ತ ಮಂಡಳಿಯ ರಚನೆಯೇ ಬದಲಾಗಬೇಕು. ಶ್ರಾವಿಕೆಯರು, ರೈತ ಮನೆತನದವರು, ಗಡಿ ಜಿಲ್ಲೆಗಳ ಕನ್ನಡಿಗರು ಅಲ್ಲಿ ಅತಿಥಿಗಳಾಗಿ ಅಲ್ಲ, ಮತವುಳ್ಳ ಸದಸ್ಯರಾಗಿ ಕೂಡಬೇಕು. ಪ್ರವೇಶಕ್ಕೆ ಉಪಜಾತಿ ಕೇಳುವಂತಿರಬಾರದು, ಅಗತ್ಯವನ್ನು ಕೇಳಬೇಕು. ಪುಣೆಗೆ ಓದಲು ಬರುವ ಹೆಣ್ಣುಮಕ್ಕಳಿಗೂ ಆ ಆವರಣದಲ್ಲಿ ವಸತಿ ಏರ್ಪಡಲಿ. ಜೈನೇತರ ಬಡ ವಿದ್ಯಾರ್ಥಿಗೆ ಕೆಲವು ಕೋಣೆಗಳನ್ನು ಬಿಟ್ಟುಕೊಟ್ಟರೆ ಧರ್ಮಕ್ಕೆ ಧಕ್ಕೆಯಾಗದು; ಊಟದ ಮನೆಯ ಅಹಿಂಸಾ ನಿಯಮ ಹಾಗೆಯೇ ಇರಲಿ, ಪಂಕ್ತಿ ಮಾತ್ರ ಒಂದೇ ಇರಲಿ. ಆಸ್ತಿ ಮಾರಾಟದ ಸುದ್ದಿ ಸಮಾಜಕ್ಕೆ ಕೊನೆಗೆ ತಿಳಿಯುವ ಪರಿಸ್ಥಿತಿ ಮತ್ತೆ ಬರದಂತೆ, ಪ್ರತಿ ವರ್ಷದ ಲೆಕ್ಕಪತ್ರವನ್ನು ಮರಾಠಿ, ಹಿಂದಿ, ಗುಜರಾತಿಗಳ ಜೊತೆಗೆ ಕನ್ನಡದಲ್ಲಿಯೂ ಅಚ್ಚುಹಾಕಿ ಊರೂರಿನ ಬಸದಿಗಳಿಗೆ ಕಳುಹಿಸಬೇಕು.