ಹಕ್ಕಿಯ ಕಾಲಿನ ಉಂಗುರ ಮತ್ತು ಕನ್ನಡ ಸಂಘಗಳ ಹೊಣೆ

ನವರಾತ್ರಿ ಮುಗಿಯುತ್ತಿದ್ದಂತೆ ಠಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಸಿದ್ಧತೆ ಆರಂಭವಾಗುತ್ತದೆ. ಅದೇ ಹೊತ್ತಿಗೆ ಹಿಮಾಲಯ ಹಾಗೂ ಅದರಾಚೆಯಿಂದ ಬಾಲ ಕುಣಿಸುವ ಸಿಪಿಲೆ, ಅಂಬರಗುಬ್ಬಿ, ಗುಲಾಬಿ ಕಬ್ಬಕ್ಕಿಗಳು ಈ ಪರಿಸರಕ್ಕೆ ಬಂದಿಳಿಯುತ್ತವೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಕನ್ನಡಿಗರಿಗೆ ತಮ್ಮಂತೆಯೇ ಬಂದ ಈ ಅತಿಥಿಗಳ ಪರಿಚಯ ಇಲ್ಲದಿರುವುದು ವಿಷಾದನೀಯ.

ಹಕ್ಕಿಗಳ ದಾರಿ ತಿಳಿಯಲು ತಜ್ಞರು ಅವುಗಳನ್ನು ತೆಳು ಬಲೆಯಲ್ಲಿ ಹಿಡಿದು, ತೂಕ ಮತ್ತು ರೆಕ್ಕೆಯ ಅಳತೆ ಬರೆದುಕೊಂಡು, ಸಂಖ್ಯೆ ಕೊರೆದ ಹಗುರ ಉಂಗುರವನ್ನು ಕಾಲಿಗೆ ತೊಡಿಸಿ ಹಾರಿಬಿಡುತ್ತಾರೆ. ಅದೇ ಹಕ್ಕಿ ಬೇರೆಡೆ ಸಿಕ್ಕಿದರೆ ಅದರ ಪಯಣ ತಿಳಿಯುತ್ತದೆ. ಮುಂಬಯಿಯಲ್ಲಿ 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಈ ಕಾರ್ಯವನ್ನು 1959ರಲ್ಲಿ ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ವಿಶ್ವ ಆರೋಗ್ಯ ಸಂಸ್ಥೆ ನೆರವು ನೀಡಿತ್ತು.

ಇದಕ್ಕೆ ಕರ್ನಾಟಕದ ನಂಟೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯ ವೈರಾಣು ರಷ್ಯಾದ ಒಂದು ವೈರಾಣುವನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಅದನ್ನು ತಂದಿರಬಹುದೇ ಎಂಬ ಶಂಕೆ ಈ ಅಧ್ಯಯನಕ್ಕೆ ಪ್ರೇರಣೆಯಾಯಿತು. ಶಂಕೆ ಸಾಬೀತಾಗಲಿಲ್ಲ, ಆದರೆ ಹಕ್ಕಿಗಳ ಬಗೆಗಿನ ಅರಿವು ಬೆಳೆಯಿತು.

ಠಾಣೆ ಖಾರಿಯ ಫ್ಲೆಮಿಂಗೊ ಅಭಯಾರಣ್ಯ 2015ರಲ್ಲಿ ಘೋಷಣೆಯಾಗಿ, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಹಕ್ಕಿ ಉಳಿಯದು. 2024ರ ಮೇ 20ರಂದು ಘಾಟ್ಕೋಪರ್ ಬಳಿ ವಿಮಾನ ಬಡಿದು 39 ಫ್ಲೆಮಿಂಗೊಗಳು ಸತ್ತವು. ಜೌಗು ನೆಲಕ್ಕೆ ಕಟ್ಟಡದ ಅವಶೇಷ ಸುರಿದರೆ ಹಕ್ಕಿಗಳಿಗೆ ಇಳಿಯಲು ತಾವಿಲ್ಲ. ಮಳೆನೀರಿಗೆ ನಿಲ್ಲಲೂ ತಾವಿಲ್ಲ. ಆಗ ನೀರು ನುಗ್ಗುವುದು ಮನೆಗಳಿಗೇ.

‘ಸಂಘದ ಕೆಲಸ ಭಾಷೆ, ಯಕ್ಷಗಾನ, ವಿದ್ಯಾರ್ಥಿವೇತನ, ಹಕ್ಕಿಯ ಗೊಡವೆ ಏಕೆ?’ ಎಂದು ಕೆಲವರು ಕೇಳಬಹುದು. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮಗುವಿಗೆ ಸಿಪಿಲೆ ಎಂಬ ಹೆಸರು ತಿಳಿಯದಿದ್ದರೆ ಅದು ಭಾಷೆಯದೇ ನಷ್ಟವಲ್ಲವೇ? ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕ ಪ್ರತಿಯೊಂದು ಸಂಘದ ವಾಚನಾಲಯದಲ್ಲಿರಬೇಕು. ವರ್ಷದ ಒಂದು ವಿಹಾರವನ್ನಾದರೂ ರೆಸಾರ್ಟ್ ಬಿಟ್ಟು ಐರೋಲಿಯ ಖಾರಿ ದಂಡೆಗೆ ಏರ್ಪಡಿಸಬೇಕು. ಹೌಸಿಂಗ್ ಸೊಸೈಟಿಗಳಲ್ಲಿ ಪದಾಧಿಕಾರಿಗಳಾಗಿರುವ ಕನ್ನಡಿಗರು ದುರಸ್ತಿಯ ಅವಶೇಷ ಎಲ್ಲಿಗೆ ಹೋಗುತ್ತದೆಂದು ಗುತ್ತಿಗೆದಾರರನ್ನು ಪ್ರಶ್ನಿಸಬೇಕು.

ಆಶ್ರಯ ಕೊಟ್ಟ ಮಣ್ಣಿನ ಋಣ ತೀರಿಸುವ ಮಾತು ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆ ಮಣ್ಣನ್ನೇ ನಂಬಿ ಬರುವ ಇತರ ವಲಸಿಗರಿಗೂ ಜಾಗ ಉಳಿಸಿದಾಗ ಮಾತ್ರ ಆ ಮಾತಿಗೆ ಅರ್ಥ ಬರುತ್ತದೆ.