ಕಸುಬಿದೆ, ಪ್ರಮಾಣಪತ್ರವೆಲ್ಲಿ?

ನಮ್ಮ ಪಟ್ಟಣಗಳ ಗ್ಯಾರೇಜು, ವೆಲ್ಡಿಂಗ್ ಅಂಗಡಿಗಳಲ್ಲಿ ದುಡಿಯುವ ಯುವಕರಲ್ಲಿ ಕೌಶಲ್ಯಕ್ಕೆ ಕೊರತೆಯಿಲ್ಲ. ಇಂಜಿನಿನ ಸದ್ದು ಕೇಳಿಯೇ ಅವರು ದೋಷವನ್ನು ಹೇಳಬಲ್ಲರು. ಆದರೆ ಕಾರ್ಖಾನೆಯ ಬಾಗಿಲಲ್ಲಿ ಕೇಳುವುದು ಪ್ರಮಾಣಪತ್ರವನ್ನು. ಅದಿಲ್ಲದವರು ದಿನಗೂಲಿಯಲ್ಲೇ ಉಳಿಯುತ್ತಾರೆ.

ಮದ್ರಸದಲ್ಲಿ ಕಲಿತವರಿಗೂ ವೃತ್ತಿ ತರಬೇತಿಯ ಬಾಗಿಲು ತೆರೆಯಬೇಕೆಂದು 2006ರಲ್ಲಿಯೇ ಸಾಚಾರ್ ಸಮಿತಿ ಶಿಫಾರಸು ಮಾಡಿತ್ತು. ಐಟಿಐಗಳ ಕೆಲವು ವಿಭಾಗಗಳಿಗೆ ಎಂಟನೇ ತರಗತಿಯ ಅರ್ಹತೆಯೇ ಸಾಕು. 1961ರ ಅಪ್ರೆಂಟಿಸ್ ಕಾಯ್ದೆಯನ್ವಯ ಕಲಿಯುವಾಗಲೇ ಸ್ಟೈಪೆಂಡ್ ದೊರೆಯುತ್ತದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಅನುಭವದಿಂದ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡಲೂ ಅವಕಾಶ ಕಲ್ಪಿಸಲಾಯಿತು.

ಸರಕಾರದ ಲೋಪಗಳನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಆದರೆ ಹತ್ತನೇ ತರಗತಿಯಲ್ಲಿ ಅನುತ್ತೀರ್ಣನಾದ ಹುಡುಗನ ಮನೆಗೆ ಐಟಿಐ ಅರ್ಜಿ ಹಿಡಿದು ಹೋದ ಜಮಾಅತ್‌ಗಳೆಷ್ಟು? ಹೆಣ್ಣುಮಕ್ಕಳಿಗೆ ಹೊಲಿಗೆಯೊಂದೇ ಸಾಕೆಂದು ತೀರ್ಮಾನಿಸಿದವರಾರು?

ಪ್ರವಾದಿ ದಾವೂದ್(ಅ) ಕಬ್ಬಿಣದಿಂದ ಯುದ್ಧ ಕವಚ ನಿರ್ಮಿಸುತ್ತಿದ್ದರು. ಕೈದುಡಿಮೆಯನ್ನು ಕೀಳಾಗಿ ಕಾಣುವ ಪರಂಪರೆ ನಮ್ಮದಲ್ಲ. ಶಾದಿಮಹಲುಗಳಿಗೆ ತೋರುವ ಉತ್ಸಾಹದ ಒಂದಂಶವನ್ನಾದರೂ ಮೊಹಲ್ಲಾಗಳಲ್ಲಿ ತರಬೇತಿಯ ಮಾಹಿತಿ ನೀಡುವುದಕ್ಕೆ ಮೀಸಲಿಡೋಣ. ಕಸುಬು ಬಲ್ಲ ಯುವಕ ತನ್ನ ಮನೆಗಷ್ಟೇ ಅಲ್ಲ, ಇಡೀ ಊರಿಗೇ ಆಸರೆಯಾಗುತ್ತಾನೆ.