ನಕ್ಷತ್ರದ ನೋಟಿಗೆ ಲಕ್ಷ ಬರಲ್ಲ, ಆದ್ರೂ ಎತ್ತಿಡಿ

ಪರ್ಸಿನಲ್ಲಿರೋ ನೋಟುಗಳನ್ನ ಒಮ್ಮೆ ಹೊರಗೆ ತೆಗೆದು ಸೀರಿಯಲ್ ನಂಬರ್ ನೋಡಿ. ಯುಪಿಐ ಬಂದ ಮೇಲೆ ನಮ್ಮ ಹತ್ರ ನೋಟು ಇರೋದೇ ಅಪರೂಪ, ಇದ್ದಷ್ಟನ್ನೇ ನೋಡಿ. ಮೊದಲು ಬರುವ ಪ್ರಿಫಿಕ್ಸ್‌ಗೂ ಆಮೇಲೆ ಬರುವ ಆರು ಅಂಕಿಗಳಿಗೂ ನಡುವೆ ಒಂದು ಪುಟ್ಟ ನಕ್ಷತ್ರ ಇದ್ಯಾ? ಇದ್ರೆ ನಿಮ್ಮ ಕೈಯಲ್ಲಿರೋದು ಬದಲಿ ನೋಟು.

ಈ ನೋಟಿನ ಬಗ್ಗೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಮಾತು ಓಡಾಡ್ತವೆ. ಇದು ನಕಲಿ, ಯಾರೂ ತಗೊಳ್ಳಲ್ಲ ಅನ್ನೋದು ಒಂದು. ಇದನ್ನ ಮಾರಿದ್ರೆ ಲಕ್ಷಗಟ್ಟಲೆ ಬರುತ್ತೆ ಅನ್ನೋದು ಇನ್ನೊಂದು. ಒಂದೇ ನೋಟು ಬೆಳಿಗ್ಗೆ ಕಸ, ಸಂಜೆ ಲಾಟರಿ! ಎರಡೂ ಸುಳ್ಳು. ಆದ್ರೆ ಆ ನಕ್ಷತ್ರ ಅಲ್ಲಿಗೆ ಯಾಕೆ ಬಂತು ಅನ್ನೋ ನಿಜವಾದ ಕಥೆ, ಎಂಜಿನಿಯರಿಂಗ್ ಓದೋ ನಮಗೆ ಈ ಎರಡಕ್ಕಿಂತ ಜಾಸ್ತಿ ಹಿಡಿಸಬೇಕು.

ನೋಟು ಒಂದೊಂದಾಗಿ ಅಚ್ಚಾಗಲ್ಲ, ದೊಡ್ಡ ಹಾಳೆಯಲ್ಲಿ ಸಾಲುಸಾಲಾಗಿ ಅಚ್ಚಾಗುತ್ತೆ. ಮೊದಲು ಹಿನ್ನೆಲೆಯ ಬಣ್ಣಗಳು, ದೊಡ್ಡ ನೋಟಾದ್ರೆ ಬೆರಳಿಗೆ ತಾಗೋ ಉಬ್ಬು ಅಚ್ಚು, ಅದೆಲ್ಲ ಆದ ಮೇಲೆ ನಂಬರ್. ನಂಬರ್ ಬಿದ್ದ ಮೇಲೆ ಒಂದು ನೋಟಿನಲ್ಲಿ ಶಾಯಿ ಹರಡಿದ್ದೋ ಅಂಚು ಸರಿದಿದ್ದೋ ಕಂಡ್ರೆ ಏನ್ ಮಾಡೋದು? ಎತ್ತಿ ಬಿಸಾಕೋಣ ಅಂದ್ರೆ ಪ್ಯಾಕೆಟ್‌ನಲ್ಲಿ 99 ಉಳಿಯುತ್ತೆ. ಹೊಸ ನೋಟಿನ ಪ್ಯಾಕೆಟ್ ಅಂದ್ರೆ ನಂಬರ್ ತಪ್ಪದ 100 ನೋಟು ಅನ್ನೋದು ನಮ್ಮಲ್ಲಿ ಮೊದಲಿಂದ ಬಂದ ಪದ್ಧತಿ. ಆ ಸಾಲು ಕೆಡಬಾರದು ಅಂದ್ರೆ ಹಾಳಾದ ನೋಟಿನ ನಂಬರನ್ನೇ ಇನ್ನೊಂದು ಒಳ್ಳೆ ನೋಟಿನ ಮೇಲೆ ಹಾಕಿ, ಅದೇ ಜಾಗಕ್ಕೆ ತಂದು ಸೇರಿಸಬೇಕು. ಲಕ್ಷಾಂತರ ನೋಟು ಓಡಿಸೋ ಮೆಷಿನ್ ಇಟ್ಕೊಂಡು ಒಂದೊಂದು ನೋಟಿನ ಹಿಂದೆ ಓಡೋದು ಎಷ್ಟು ದುಬಾರಿ ಅಂತ ಪ್ರೊಡಕ್ಷನ್ ಓದಿದವರಿಗೆ ಹೇಳಬೇಕಾಗಿಲ್ಲ.

2006ರಲ್ಲಿ ರಿಸರ್ವ್ ಬ್ಯಾಂಕ್ ಈ ಹಠ ಬಿಟ್ಟಿತು. ಮೊದಲೇ ನಕ್ಷತ್ರ ಹಾಕಿದ ಬೇರೆ ನೋಟುಗಳನ್ನ ಅಚ್ಚು ಮಾಡಿ ಪಕ್ಕಕ್ಕೆ ಇಟ್ಕೊಳ್ಳೋದು. ದೋಷದ ನೋಟು ಸಿಕ್ಕಿದ ಕಡೆ ಅದನ್ನ ತೆಗೆದು ಇದನ್ನ ಇಡೋದು. ಪ್ಯಾಕೆಟ್‌ನಲ್ಲಿ ನೋಟು 100 ಇರುತ್ತೆ, ನಂಬರ್ ಮಾತ್ರ ಸಾಲಾಗಿ ಇರಲ್ಲ. ಒಳಗೆ ನಕ್ಷತ್ರದ ನೋಟು ಇದೆ ಅಂತ ಪ್ಯಾಕೆಟ್‌ಗೆ ಸುತ್ತಿದ ಪಟ್ಟಿಯ ಮೇಲೇ ನಮೂದಿಸಿರ್ತಾರೆ. ಮೊದಲು 10, 20, 50 ರೂಪಾಯಿ ನೋಟುಗಳಲ್ಲಿ ಶುರುವಾಯ್ತು, ಆಮೇಲೆ 100ಕ್ಕೆ ಬಂತು, 2016ರ ಡಿಸೆಂಬರ್‌ನಲ್ಲಿ ಹೊಸ 500ಕ್ಕೂ ಬಂತು. ಅಮೆರಿಕದವರು ಇದನ್ನ 1910ರಿಂದಲೇ ಮಾಡ್ತಿದ್ದಾರೆ. ಇವತ್ತಿನ ಡಾಲರ್ ನೋಟಿನಲ್ಲಿ ನಕ್ಷತ್ರ ನಂಬರಿನ ಕೊನೆಯಲ್ಲಿರುತ್ತೆ.

ಇಲ್ಲಿ ತುಂಬಾ ಜನ ಒಂದು ವಿಷಯ ತಪ್ಪು ತಿಳ್ಕೊಂಡಿದ್ದಾರೆ. ದೋಷ ಇದ್ದದ್ದು ತೆಗೆದು ಹಾಕಿದ ನೋಟಿನಲ್ಲಿ, ಅದರ ಜಾಗಕ್ಕೆ ಬಂದ ನೋಟಿನಲ್ಲಿ ಅಲ್ಲ. ನಕ್ಷತ್ರದ ನೋಟಿಗೆ ಅದರದ್ದೇ ಸ್ವಂತ ನಂಬರ್ ಸರಣಿ ಇದೆ, ಹಾಗಾಗಿ ಅದು ಯಾವ ನೋಟಿನ ಬದಲಿಗೆ ಬಂತು ಅಂತ ನೋಟು ನೋಡಿ ಹೇಳಕ್ಕಾಗಲ್ಲ. 2023ರ ಜುಲೈನಲ್ಲಿ ಇಂಥ ನೋಟು ಚಲಾವಣೆಗೆ ಯೋಗ್ಯವೋ ಅಲ್ಲವೋ ಅಂತ ಗುಲ್ಲೆದ್ದಾಗ, ಬೇರೆ ಯಾವುದೇ ನೋಟಿನಷ್ಟೇ ಇದೂ ಕಾನೂನುಬದ್ಧ ಅಂತ ರಿಸರ್ವ್ ಬ್ಯಾಂಕ್ ಹೇಳಿಕೆ ಕೊಡಬೇಕಾಯ್ತು. ಆದ್ದರಿಂದ ಯಾರಾದ್ರೂ ನಕ್ಷತ್ರದ 500 ಕೊಟ್ರೆ ಮುಖ ಸಿಂಡರಿಸಿ ವಾಪಸ್ ಕೊಡಬೇಡಿ. ನಮಗೇನು, ಫೋನ್ ತೆಗೆದು ಸ್ಕ್ಯಾನ್ ಮಾಡ್ತೀವಿ. ದಿನದ ಕೂಲಿಯಾಗಿ ಅದೊಂದೇ ನೋಟು ಸಿಕ್ಕಿದವರು ಅದನ್ನ ಹಿಡ್ಕೊಂಡು ಯಾವ ಅಂಗಡಿಗೆ ಹೋಗಬೇಕು?

ಇನ್ನು ಲಕ್ಷದ ಕಥೆ. ಹಳೇ ನೋಟು, ನಾಣ್ಯ ಕೊಳ್ತೀವಿ ಅಂತ ತನ್ನ ಹೆಸರು ಬಳಸಿಕೊಂಡು ಶುಲ್ಕ, ಕಮಿಷನ್, ತೆರಿಗೆ ಕೇಳೋರನ್ನ ನಂಬಬೇಡಿ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಮಾರೋನು ಮೊದಲೇ ದುಡ್ಡು ಕಟ್ಟಬೇಕು ಅಂದ್ರೆ ಅದೆಂಥಾ ವ್ಯಾಪಾರ ಸ್ವಾಮಿ? ಕೈಯಿಂದ ಕೈಗೆ ಓಡಾಡಿ ಮೆತ್ತಗಾದ ನಕ್ಷತ್ರದ ಹತ್ತು ರೂಪಾಯಿಗೆ ಸಿಗೋದು ಹತ್ತು ರೂಪಾಯಿಯ ಟೀ. ನಿಜವಾದ ಸಂಗ್ರಾಹಕರು ಬರೀ ನಕ್ಷತ್ರಕ್ಕೆ ಮರುಳಾಗಲ್ಲ. ಯಾವ ಪ್ರಿಫಿಕ್ಸ್, ಯಾವ ಗವರ್ನರ್ ಸಹಿ, ಹಿಂಭಾಗದಲ್ಲಿ ಕೆಳಗೆ ಅಚ್ಚಾದ ವರ್ಷ ಯಾವುದು, ಮಡಿಕೆ ಬಿದ್ದಿದೆಯಾ ಅಂತ ನೋಡ್ತಾರೆ. ಇವೆಲ್ಲ ಸೇರಿ ಎಷ್ಟು ಅಪರೂಪ ಅನ್ನೋದರ ಮೇಲೆ ಬೆಲೆ.

ಅಪರೂಪ ಅಂತ ಗೊತ್ತಾಗೋದು ಹೇಗೆ? ನಮ್ಮ ತಕರಾರು ಇರೋದು ಇಲ್ಲೇ. ಅಮೆರಿಕದ ನೋಟು ಮುದ್ರಣ ಇಲಾಖೆ ಯಾವ ಸರಣಿಯಲ್ಲಿ ಎಷ್ಟು ನಕ್ಷತ್ರದ ನೋಟು ಅಚ್ಚು ಹಾಕಿತು ಅಂತ ತಿಂಗಳ ಲೆಕ್ಕ ಪ್ರಕಟಿಸುತ್ತೆ. ಅಲ್ಲಿನ ಸಂಗ್ರಾಹಕರು ಅದನ್ನ ನೋಡಿ ಬೆಲೆ ಕಟ್ತಾರೆ. ನಮ್ಮಲ್ಲೂ ಪ್ರಿಫಿಕ್ಸ್ ಪ್ರಕಾರ ಇಂಥ ಲೆಕ್ಕ ಹೊರಗೆ ಬರಲಿ. ನೋಟು ಅಚ್ಚಾಗೋ ನಾಲ್ಕು ಊರುಗಳಲ್ಲಿ, ಅಂದ್ರೆ ನಾಸಿಕ್, ದೇವಾಸ್, ಸಾಲ್ಬೋನಿ, ಮೈಸೂರುಗಳಲ್ಲಿ, ಒಂದು ನಮ್ಮದೇ ಊರು. ಭದ್ರತೆಯ ವಿಷಯ ಗುಟ್ಟಾಗಿರಲಿ, ಒಪ್ಕೋತೀವಿ. ಅಚ್ಚು ಹಾಕಿ ಜನರ ಕೈಗೆ ಕೊಟ್ಟಾದ ನೋಟಿನ ಎಣಿಕೆಯಲ್ಲಿ ಯಾವ ಗುಟ್ಟು? ಲೆಕ್ಕ ಕಣ್ಣೆದುರು ಇದ್ರೆ ಲಕ್ಷದ ಆಸೆ ತೋರಿಸೋನಿಗೆ ಮಾತೇ ಹೊರಡಲ್ಲ.

ಅಲ್ಲೀತನಕ ಒಂದು ಸಣ್ಣ ಕೆಲಸ. ನಿಮಗೆ ನಕ್ಷತ್ರದ ನೋಟು ಸಿಕ್ರೆ ಮುಖಬೆಲೆ, ಪ್ರಿಫಿಕ್ಸ್, ವರ್ಷ, ಸಹಿ, ಈ ನಾಲ್ಕನ್ನ ಬರೆದು ಕನ್ನಡ ಸಂಘಕ್ಕೆ ಕಳಿಸಿ. ಎಲ್ಲರದ್ದೂ ಸೇರಿಸಿ ಒಂದು ಶೀಟ್ ಮಾಡ್ತೀವಿ. ನೋಟನ್ನ ಎತ್ತಿಡೋರು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ, ಪಿನ್ ಹೊಡೀಬೇಡಿ, ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ತಿಂಗಳ ಕೊನೆಗೆ ಕೈ ಖಾಲಿಯಾದ್ರೆ ಅದೇ ನೋಟು ಕೊಟ್ಟು ದೋಸೆ ತಿನ್ನಿ, ತೊಂದರೆ ಇಲ್ಲ. ನಂಬರ್ ಮಾತ್ರ ಮೊದಲು ಬರ್ಕೊಳ್ಳಿ.